ಸೋಸಿ ಕೊಟ್ಟ ಬಣ್ಣದ ನೀರು

ಬೆಳಿಗ್ಗೆ ಎಂಟರ ಬಸ್ಸಿಗೆ ಬಾಗಲಕೋಟೆ ಬಿಟ್ಟೆ. ಮಡಿಲಲ್ಲಿ ಓಝೋನ್ ಯಂತ್ರ; ನೋಡಲು ಅಕ್ಕಿ ಡಬ್ಬಿಯಷ್ಟು, ಭಾರದಲ್ಲಿ ಅದರಪ್ಪ. "ಏನ್ರಿ ಮೇಡಂ ಇದು, ಮಿಕ್ಸರಾ?" ಎಂದ ಕಂಡಕ್ಟರ್. ಬಣ್ಣದ ನೀರು ತಿಳಿ ಮಾಡುವ ಯಂತ್ರ ಎಂದೆ. "ಹಂಗಾದ್ರ ಲಗೇಜ್ ಆತು" ಎಂದು ಅದಕ್ಕೂ ಅರ್ಧ ಟಿಕೆಟ್ ಹರಿದ. ಮೈಯೆಲ್ಲ ಉರಿಯಿತು, ಆದರೂ ಕೊಟ್ಟೆ.

ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಹುಸೇನಬಿಯವರ ಮನೆಯಿಂದ ಗಟಾರಕ್ಕೆ ಕೆಂಪು ನೀರು ಹರಿಯುತ್ತದೆಂದು ಮಾಲಿನ್ಯ ತಡೆಯುವ ಇಲಾಖೆಗೆ ದೂರು ಹೋಗಿತ್ತು. ಅಂದು ಮೂರು ಗಂಟೆಗೆ ಅಧಿಕಾರಿ ಬರುವವರಿದ್ದರು. ನೀರು ತಿಳಿಯಾಗದಿದ್ದರೆ ಬಣ್ಣದ ಮನೆಗೆ ಬೀಗ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಅವರು ಕಳಿಸಿದ್ದ ಬಾಟಲಿಯ ನೀರಿಗೆ ಓಝೋನ್ ಹಾಯಿಸಿ ನೋಡಿದ್ದೆ. ಮೂರು ಮೂರು ನಿಮಿಷಕ್ಕೆ ಬಣ್ಣ ಅರ್ಧಕ್ಕರ್ಧ ಇಳಿಯುತ್ತ, ಹದಿನೈದು ನಿಮಿಷಕ್ಕೆ ಮಾಯವಾಗಿತ್ತು. ಆ ಜಂಭದಲ್ಲಿ "ಚಿಂತಿ ಬಿಡ್ರಿ" ಎಂದು ಮಾತು ಕೊಟ್ಟುಬಿಟ್ಟಿದ್ದೆ.

ಕಮತಗಿ ದಾಟಿದ ಮೇಲೆ ಟೈರು ಪಂಕ್ಚರ್. ಎರಡು ತಾಸು ಬಿಸಿಲಲ್ಲಿ ಯಂತ್ರ ಹೊತ್ತು ನಿಂತೆ. ಹುನಗುಂದದಲ್ಲಿ ಬಸ್ಸು ಬದಲಿಸಿ, ಚುರಮುರಿ ಮಿರ್ಚಿ ತಿಂದು, ಇಳಕಲ್ ಮುಟ್ಟಿದಾಗ ಒಂದೂವರೆ.

ಹುಸೇನಬಿಯವರು ಹೊಸ್ತಿಲಲ್ಲೇ ಕಾಯುತ್ತಿದ್ದರು. ಬಳಸಿದ ಬಣ್ಣದ ನೀರು ಸೇರುವ ತೊಟ್ಟಿಯಿಂದ ಒಂದು ಬಾಟಲಿಯಷ್ಟು ನೀರನ್ನು ಬಕೆಟ್ಟಿಗೆ ಹಾಕಿ ಯಂತ್ರ ಚಾಲೂ ಮಾಡಿದೆ. ಮೂರು ನಿಮಿಷವಾಯಿತು, ಏನೂ ಇಲ್ಲ. ಹದಿನೈದಾಯಿತು, ನೊರೆಯಷ್ಟೇ ಎದ್ದಿತು. ಅರ್ಧ ತಾಸಾದರೂ ಕೆಂಪು ಕೆಂಪೇ.

"ಯಾಕ್ರಿ ಅಕ್ಕಾರ, ಇಳಿವಲ್ತಲ್ಲ?"

ಕರೆಂಟನ್ನು ಬೈದೆ, ಯಂತ್ರವನ್ನು ಬೈದೆ. ಕೊನೆಗೆ ನೀರಿನಲ್ಲಿ ಕೈಯಿಟ್ಟೆ, ಲೋಳೆ.

"ಇದರಾಗ ಏನ್ ಬಿದ್ದೈತ್ರಿ?"

"ನೂಲಿಗೆ ಹಾಕೋ ಗಂಜಿ. ಪಾತೇಲಿ ತೊಳದ ನೀರು ದಿನಾ ಅದ್ರಾಗ ಹೋಗ್ತೈತಿ."

"ಬಾಟಲಿಯಾಗ ಇರ್ಲಿಲ್ಲಲ್ರಿ!"

"ಕಾಲೇಜಿಗೆ ಹೊಲಸು ನೀರು ಕೊಡೂದು ಹ್ಯಾಂಗ್ರಿ? ಗಂಜಿ ಬೀಳೂ ಮೊದ್ಲ ತುಂಬಿ, ನಾಕ್ ಪದರ ಅರಿವಿಯಾಗ ಸೋಸಿ ಕಳಿಸೇನಿ."

ಅಯ್ಯೋ ನನ್ನ ಕರ್ಮವೇ! ಓಝೋನೆಲ್ಲ ಮೊದಲು ಗಂಜಿಗೇ ಖರ್ಚಾಗಿ, ಬಣ್ಣದ ಪಾಳಿಯೇ ಬಂದಿರಲಿಲ್ಲ. ಅವರನ್ನೇನು ಅನ್ನುವುದು, ನೀರು ಎಲ್ಲಿಯದೆಂದು ಕೇಳದ ತಪ್ಪು ನನ್ನದು.

ಬಣ್ಣದ ಹಂಡೆಯಿಂದಲೇ, ಗಂಜಿ ಸೇರದ ನೀರು ಅಷ್ಟೇ ತುಂಬಿಕೊಂಡು ಮತ್ತೆ ಶುರುಮಾಡಿದೆ. ಆರನೆಯ ನಿಮಿಷಕ್ಕೆ ಅಧಿಕಾರಿ ಬಂದೇಬಿಟ್ಟರು, ಕೈಯಲ್ಲಿ ಬೀಗದ ಆದೇಶ. "ಒಂಬತ್ತು ನಿಮಿಷ ಕೊಡ್ರಿ" ಎಂದು ಬೇಡಿ, ನಡೆದದ್ದೆಲ್ಲ ಹೇಳಿದೆ. ಅವರು ಗಡಿಯಾರ ನೋಡಿದರು. ಹುಸೇನಬಿಯವರು ಕೊಟ್ಟ ಚಹಾ ಮುಟ್ಟಲಿಲ್ಲ. ಕೆಂಪು ಗುಲಾಬಿಯಾಯಿತು, ಗುಲಾಬಿ ತೆಳುವಾಯಿತು. ಒಂಬತ್ತನೆಯ ನಿಮಿಷಕ್ಕೆ ಯಂತ್ರ ನಿಲ್ಲಿಸಿದೆ. ಅಧಿಕಾರಿ ನೀರನ್ನು ಗ್ಲಾಸಿಗೆ ಹಾಕಿಸಿ, ಆದೇಶದ ಮೇಲೆ ಇಟ್ಟು, ಅದರ ಮೂಲಕ ತಮ್ಮದೇ ಅಕ್ಷರ ಓದಿದರು.

"ಗಂಜಿ ನೀರು?"

"ಇವತ್ತಿಂದ ಬ್ಯಾರೆ ತೊಟ್ಟಿರಿ," ಎಂದರು ಹುಸೇನಬಿ.

"ಹದಿನೈದು ದಿನಕ್ಕ ಮತ್ತ ಬರ್ತೇನಿ. ಆಗ ನೀರು ನಾನಽ ತುಂಬಕೋತೇನಿ." ಆದೇಶ ಹರಿಯಲಿಲ್ಲ, ಮಡಚಿ ಜೇಬಿಗಿಟ್ಟರು.

ಬಸ್ ಸ್ಟ್ಯಾಂಡಿಗೆ ಬಂದ ಹುಸೇನಬಿಯವರು ತೊಟ್ಟಿಯ ನೀರಿನ ಬಾಟಲಿಯೊಂದನ್ನು ಕಾಲೇಜಿಗೆಂದು ಕೊಟ್ಟು ನಾಚಿಕೊಂಡರು. "ಈ ಸಲ ಸೋಸಿಲ್ರಿ. ಭಾಳ ಹೊಲಸೈತಿ."

"ಹೊಲಸಽ ಬೇಕ್ರಿ," ಎಂದೆ.

ಬಸ್ಸು ಹೊರಟಿತು. ತಿರುಗಿ ನೋಡಿದರೆ, ಮಂದಿಗೆ ಕಾಣದಂತೆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಿರೆಂದು ಅವರು ಇನ್ನೂ ಸನ್ನೆ ಮಾಡುತ್ತಿದ್ದರು.