ಕರಿ ಪುಡಿ ಹಚ್ಚಿದ ಬೀಜ

ಎಂಬತ್ತರ ದಶಕದ ಆರಂಭದಲ್ಲಿ ನಾನು ಒಂದು ಜಿಲ್ಲಾ ಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ರಜೆ ಸಿಕ್ಕಾಗ ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದೆ. ಆ ಸಲ ಹೋದಾಗ ಅಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಕಾರಣ ಒಂದು ಸೀಮೆ ಹಸು.

ಹಟ ಹಿಡಿದು ಅದನ್ನು ತರಿಸಿದವಳು ಅಕ್ಕ. ಊರಿನ ನಾಟಿ ದನಗಳು ಬೆಳಿಗ್ಗೆ ಊರಾಚೆಯ ಕಾವಲಿನ ಬಯಲಿಗೆ ಹೋಗಿ ಮೇದು ಸಂಜೆ ತಾವಾಗಿಯೇ ಮನೆಗೆ ಬರುತ್ತಿದ್ದವು. ಸೀಮೆ ಹಸು ಕಟ್ಟಿದಲ್ಲೇ ನಿಂತು ಹಸಿ ಮೇವಿಗಾಗಿ ಅರಚುತ್ತಿತ್ತು. ಬಾವಿ ಕೆಳಗಿನ ಎರಡು ಮಡಿಗಳಲ್ಲಿ ಅದಕ್ಕಾಗಿ ಕುದುರೆ ಮಸಾಲೆ ಸೊಪ್ಪು ಬಿತ್ತೋಣವೆಂದು ಅಕ್ಕ ಕೇಳಿದಾಗ ಅವಳ ಮಾವನವರು ರೇಗಿದ್ದರು.

"ಮೆಣಸಿನ್ಕಾಯಿ, ಈರುಳ್ಳಿ ಬೆಳೆಯೋ ಜಾಗ ಕಣಮ್ಮ ಅದು. ದನಕ್ಕೆ ಅಂತ ನೀರು ಹಾಯಿಸಿ ಬಿತ್ತಿದ್ದನ್ನ ನಮ್ಮಪ್ಪನೂ ಕಂಡಿಲ್ಲ, ನಾನೂ ಕಂಡಿಲ್ಲ."

ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿದರು. ಸೊಪ್ಪು ಸರಿಯಾಗಿ ಬಂದು ಹಾಲು ಹೆಚ್ಚಿದರೆ ಹಸು ಉಳಿಯುತ್ತದೆ. ಇಲ್ಲದಿದ್ದರೆ ದನದ ದಲ್ಲಾಳಿಯನ್ನು ಕರೆಸುವುದು.

ಕೃಷಿ ಇಲಾಖೆಯ ಗ್ರಾಮಸೇವಕ ಬೀಜದ ಜೊತೆಗೆ ಮಡಿಗೊಂದರಂತೆ ಎರಡು ಪೊಟ್ಟಣ ಕರಿ ಪುಡಿ ಕೊಟ್ಟಿದ್ದ. ಅದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಬೇಕು, ಅವು ಗಾಳಿಯ ಸಾರವನ್ನು ಎಳೆದು ಬೇರಿಗೆ ಕೊಡುತ್ತವೆ ಎಂದು ಹೇಳಿ ಸೈಕಲ್ ಹತ್ತಿದ್ದ. ಗಾಳಿಯಲ್ಲೇ ಗೊಬ್ಬರ ಸಿಗುವುದಾದರೆ ಮನೆಮನೆಗೆ ತಿಪ್ಪೆ ಯಾಕೆ ಎಂದು ಊರವರು ಜಗಲಿಯ ಮೇಲೆ ನಕ್ಕಿದ್ದರಂತೆ.

ನಾನು ಹೋಗುವ ಹೊತ್ತಿಗೆ ಸೊಪ್ಪು ಮೊಣಕಾಲಿನ ಹತ್ತಿರ ಬರಬೇಕಿತ್ತು. ಮೇಲಿನ ಮಡಿಯಲ್ಲಿ ಬಂದಿತ್ತು, ಕಡು ಹಸಿರಾಗಿ. ಕೆಳಗಿನ ಮಡಿಯಲ್ಲಿ ಗೇಣುದ್ದ ಎದ್ದು ಕಾಮಾಲೆ ಬಂದಂತೆ ಹಳದಿಯಾಗಿ ನಿಂತಿತ್ತು. ಹಾಲು ಹೆಚ್ಚಿರಲಿಲ್ಲ. ಸಂತೆಯ ದಿನ ದಲ್ಲಾಳಿ ಬರುವುದೆಂದು ನಿಗದಿಯಾಗಿತ್ತು.

"ನೀರಿನ ವ್ಯತ್ಯಾಸ," ಎಂದರು ಮಾವನವರು. "ಮೇಲಿಂದು ಬಾವಿಗೆ ಹತ್ರ."

ನನಗೆ ಹಾಗನ್ನಿಸಲಿಲ್ಲ. ನೀರು ಕಡಿಮೆಯಾಗಿದ್ದರೆ ಹಸಿರು ಮೆಲ್ಲಮೆಲ್ಲಗೆ ತಿಳಿಯಾಗುತ್ತಾ ಹೋಗಬೇಕು. ಇಲ್ಲಿ ಎರಡು ಮಡಿಗಳ ನಡುವಿನ ಬದುವಿನ ಆಚೆ ಹಸಿರು, ಈಚೆ ಹಳದಿ. ಕಾಲುವೆ ಎರಡಕ್ಕೂ ಒಂದೇ. ಎರಡನೆಯ ಪೊಟ್ಟಣದಲ್ಲಿ ಗ್ರಾಮಸೇವಕ ಹಳಸಿದ ಸರಕನ್ನು ದಾಟಿಸಿದ್ದಾನೆ ಎಂಬುದು ನನ್ನ ಅನುಮಾನ.

ಅಜ್ಜಂಪುರದ ಹೋಟೆಲೊಂದರಲ್ಲಿ ಅವನು ಸಿಕ್ಕ. ನಾನು ಯಾರೆಂದು ತಿಳಿದದ್ದೇ ಕಾಫಿ ಲೋಟ ಕೆಳಗಿಟ್ಟ.

"ಪೇಪರ್‌ಗೆ ಹಾಕ್ತೀರಾ?"

"ಮೊದಲು ಕೇಳ್ತೀನಿ. ಎರಡೂ ಪೊಟ್ಟಣ ಒಟ್ಟಿಗೆ ಬಂದವಾ?"

"ಒಂದೇ ಡಬ್ಬದಿಂದ ತೆಗೆದುಕೊಟ್ಟೆ ಸಾರ್. ಬೇಕಾದ್ರೆ ಬೇರು ಕಿತ್ತು ನೋಡಿ. ಪುಡಿ ಕೆಲಸ ಮಾಡಿದ್ರೆ ಗಂಟು ಇರುತ್ತಂತೆ."

"ಇರುತ್ತಂತೆ ಅಂದ್ರೆ?"

"ಟ್ರೈನಿಂಗಲ್ಲಿ ಹೇಳಿದ್ರು. ನಾನಿನ್ನೂ ಕಿತ್ತು ನೋಡಿಲ್ಲ," ಎಂದು ಅವನು ಬಾಗಿಲ ಕಡೆ ನೋಡಿದ.

ಅವನ ಮಾತನ್ನು ನಾನು ನಂಬಿದೆನೆಂದು ಹೇಳಲಾರೆ. ಆದರೆ ಸಂತೆಯ ದಿನ ಬೆಳಿಗ್ಗೆ ಅಕ್ಕನೂ ನಾನೂ ಎರಡೂ ಮಡಿಗಳಿಂದ ಗುದ್ದಲಿ ಹಾಕಿ ಗಿಡ ಎಬ್ಬಿಸಿದೆವು. ಮಣ್ಣು ತೊಳೆದಾಗ ಮೇಲಿನ ಮಡಿಯ ಬೇರಿನಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಗಂಟುಗಳು ಗೊಂಚಲಾಗಿದ್ದವು. ಕೆಳಗಿನದು ಬರೀ ಬೋಳು ಬೇರು.

"ಎರಡನೇ ಪೊಟ್ಟಣ ನೀನೇ ಹಚ್ಚಿದ್ಯಾ?" ಎಂದು ಕೇಳಿದೆ.

"ಇಲ್ಲ ಕಣೋ. ಅವತ್ತು ತರೀಕೆರೆಗೆ ಸೀಮಂತಕ್ಕೆ ಹೋಗಿದ್ದೆ. ಅತ್ತೆ ಹಚ್ಚಿಕೊಟ್ಟಿದ್ರು, ನಿಮ್ ಭಾವ ಬಿತ್ತಿದ್ರು."

ಮನೆಗೆ ಬಂದಾಗ ದಲ್ಲಾಳಿ ಆಗಲೇ ಜಗಲಿಯ ಮೇಲಿದ್ದ. ಹಸುವಿನ ಕೆಚ್ಚಲು, ಹಲ್ಲು ನೋಡಿ ಮುಗಿಸಿ, ಮಾವನವರ ಕೈಯನ್ನು ಟವೆಲ್ಲಿನ ಅಡಿಯಲ್ಲಿ ಹಿಡಿದಿದ್ದ. ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಅಕ್ಕ ಎರಡು ಗಿಡಗಳನ್ನೂ ಅವರ ಮುಂದಿಟ್ಟಳು. ನಾನು ಗಂಟಿನ ವಿಷಯ ಹೇಳಿದೆ.

ಇದರಿಂದ ಹಸು ಉಳಿಯುತ್ತದೆಂದು ನಾನು ತಿಳಿದಿದ್ದೆ. ಮಾವನವರು ಬೇರೆಯೇ ಅರ್ಥ ಮಾಡಿಕೊಂಡರು.

"ಹಂಗಂದ್ರೆ ಅರ್ಧ ಬೀಜಕ್ಕೆ ಪುಡಿನೇ ಬಿದ್ದಿಲ್ಲ. ಹಸ ಬೇಕು ಅಂತ ಕುಣಿದೋಳು ನೀನು, ಕೆಲಸ ಬಂದಾಗ ಸೀಮಂತ, ನಾಮಕರಣ ಅಂತ ಊರೂರು ತಿರುಗೋಳೂ ನೀನೇ. ಹೋಗೋ ಅವಸರದಲ್ಲಿ ಪುಡಿ ಎಲ್ಲಿ ಚೆಲ್ಲಿದೆ, ಹೇಳಮ್ಮ?"

ಅಕ್ಕ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದಳು. ಹೊರಗಿನವನೊಬ್ಬ ಕೂತಿರುವಾಗ ಅತ್ತೆಯ ಹೆಸರು ಎತ್ತುವವಳಲ್ಲ ಅವಳು. ಟವೆಲ್ಲಿನ ಕೆಳಗೆ ಬೆರಳುಗಳು ಮತ್ತೆ ಆಡತೊಡಗಿದವು.

"ಅವಳನ್ನ ಯಾಕೆ ಅಂತೀರಿ," ಎಂದರು ಅತ್ತೆ. "ಪುಡಿ ಹಚ್ಚಿದ್ದು ನಾನು. ಒಂದ್ ಚೂರೂ ಚೆಲ್ಲಿಲ್ಲ. ಹುರಿದು ಹಚ್ಚಿದೆ."

"ಹುರಿದಾ?"

"ಹೂಂ. ಕರ್ರಗಿತ್ತು. ಮೂಳೆ ಸುಟ್ಟ ಪುಡಿಯೇನೋ ಅಂತ ಅನುಮಾನ ಬಂತು. ಆ ಸೊಪ್ಪು ತಿಂದ ಹಸಿನ ಹಾಲು ಲಿಂಗಪೂಜೆಗೆ ಹೋಗ್ಬೇಕು, ಮಠಕ್ಕೆ ಹೋಗ್ಬೇಕು. ಹಂಗೇ ಹಚ್ಚೋಕೆ ಮನಸ್ಸು ಬರ್ಲಿಲ್ಲ. ಹೆಂಚಿನ ಮೇಲೆ ಘಮ್ ಅನ್ನೋ ಹಂಗೆ ಹುರಿದು, ಗಂಜಲ ಚಿಮುಕಿಸಿ, ಶುದ್ಧ ಮಾಡಿ ಹಚ್ಚಿದೆ. ಒಳ್ಳೇದಕ್ಕೇ ಮಾಡಿದ್ದು."

ಅವರ ಅನುಮಾನ ತೀರಾ ಹುಚ್ಚೇನಲ್ಲ. ಮೂಳೆಗೊಬ್ಬರವೂ ಆಗ ಅಂಗಡಿಗಳಲ್ಲಿ ಚೀಲದಲ್ಲೇ ಬರುತ್ತಿತ್ತು.

ಮೊದಲು ನಕ್ಕವನು ದಲ್ಲಾಳಿ. "ಕಡ್ಲೇಕಾಯಿ ಹುರಿದು ಬಿತ್ತಿದಂಗಾಯ್ತಲ್ಲವ್ವಾ! ಜೀವ ಇರೋ ಪುಡಿ ಅಂತ ಹೇಳಿದ್ದ ತಾನೇ ಅವನು?"

"ನೀನು ಬಾಯಿ ಮುಚ್ಚಯ್ಯ. ನಿಂಗೆ ಹಸ ಸಿಗಲ್ಲ," ಎಂದರು ಅತ್ತೆ. ಆಮೇಲೆ ಗಂಡನ ಕಡೆ ತಿರುಗಿದರು. "ಕೈ ತೆಗೀರಿ ಅತ್ಲಾಗೆ. ಕೆಡಿಸಿದೋಳು ನಾನು, ಹಸ ಕಳ್ಕೊಳ್ಳೋಳು ಅವಳಾ? ಇನ್ನೊಂದ್ ಸಲ ಬಿತ್ತಲಿ."

ಮಾವನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ದಲ್ಲಾಳಿ ಎಲೆಅಡಿಕೆ ಹಾಕಿಕೊಂಡು ಎದ್ದ.

ಕೆಳಗಿನ ಮಡಿಯನ್ನು ಮತ್ತೆ ಉತ್ತು ಬಿತ್ತಿದರು. ಅದಕ್ಕೆ ಮೊದಲು ಅತ್ತೆ ಗ್ರಾಮಸೇವಕನನ್ನು ಮನೆಗೆ ಕರೆಸಿ, ಅವನದೇ ಕೊರಳಿನ ಲಿಂಗ ಮುಟ್ಟಿಸಿ, ಪುಡಿಯಲ್ಲಿ ಮೂಳೆ ಇಲ್ಲವೆಂದು ಆಣೆ ಮಾಡಿಸಿಕೊಂಡರು. ಅದು ಇದ್ದಿಲಿನ ಹುಡಿ ಎಂದು ಅವನು ತಡವರಿಸದೆ ಹೇಳಿದ. ಅವನಿಗೆ ನಿಜವಾಗಿ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಮಳೆಗಾಲದ ಹೊತ್ತಿಗೆ ನಾನು ಮತ್ತೆ ಹೋದಾಗ ಎರಡೂ ಮಡಿಗಳು ಒಂದೇ ಬಣ್ಣಕ್ಕೆ ಬಂದಿದ್ದವು. ಹಾಲು ಹೆಚ್ಚಿತ್ತು. ಮಾವನವರು ಅದನ್ನು ಒಪ್ಪಿಕೊಂಡರೂ ಕಾರಣ ತಾವು ತಂದು ಹಾಕಿದ ಹಿಂಡಿ ಎನ್ನುತ್ತಿದ್ದರು. ಹಸು ಮಾತ್ರ ಹೋಗುವುದಿಲ್ಲವೆಂದು ಖಚಿತವಾಗಿತ್ತು.

ಒಂದು ಸಂಜೆ ಅಕ್ಕ ಸೊಪ್ಪು ಕೊಯ್ಯುತ್ತಿದ್ದಳು. ಅತ್ತೆ ಬದುವಿನ ಮೇಲಿಂದ ಇಳಿದು, ಕೆಳಗಿನ ಮಡಿಯ ಒಂದು ಗಿಡವನ್ನು ತಾವೇ ಕಿತ್ತು ಬೇರು ನೋಡಿದರು. ಗಂಟುಗಳಿದ್ದವು. ಒಂದನ್ನು ಉಗುರಿನಲ್ಲಿ ಚಿವುಟಿದರು. ಒಳಗೆ ಎಳೆಗೆಂಪು. ಉಗುರಿಗೂ ಸ್ವಲ್ಪ ಹತ್ತಿತು.

"ಏನೇ ಇದು, ರಕ್ತದ ಹಂಗಿದೆ?"

"ಬೀಟ್‌ರೂಟೂ ಹಂಗೇ ಇರುತ್ತಲ್ಲ ಅತ್ತೆ. ಅದನ್ನ ಪಲ್ಯ ಮಾಡ್ಕೊಂಡು ತಿಂತೀವಿ."

ಅತ್ತೆ ನನ್ನ ಮುಖ ನೋಡಿದರು. ನಾನು ಬಗ್ಗಿ, ಚೆದುರಿದ್ದ ಸೊಪ್ಪನ್ನು ಹೊರೆಗೆ ಸೇರಿಸತೊಡಗಿದೆ. ಅವರು ಕಾಲುವೆಯಲ್ಲಿ ಬೆರಳನ್ನು ಎರಡೆರಡು ಸಲ ತೊಳೆದು ಸೆರಗಿಗೆ ಒರೆಸಿಕೊಂಡರು. ಕೊಯ್ದಿಟ್ಟ ಸೊಪ್ಪಿನ ಹೊರೆಯನ್ನು ಅಕ್ಕನ ತಲೆಗೆ ತಾವೇ ಎತ್ತಿಟ್ಟರು.

"ನಡಿ, ಹಸ ಕಾಯ್ತಿರುತ್ತೆ," ಎಂದರು. "ಕುಡುಗೋಲಲ್ಲಿ ಕೊಯ್ಕೊಳ್ಳೆ, ಸಾಕು. ಇನ್ಮೇಲೆ ಯಾರೂ ಬೇರು ಕಿತ್ತು ನೋಡೋದು ಬೇಡ."