ಕುಸುರೆಳ್ಳು ಬಾರದ ಮನೆಗೆ ಸೂಜಿಸಾಬ

ದುರ್ಗದಬೈಲಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಹಿಂದಿನ ಓಣಿಯ ಒಂದು ಮನೆಯಲ್ಲಿ ಕಂಪೌಂಡರ ಬಂದೇನವಾಜರು ಆಗಲೇ ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ಕುದಿಯಲಿಟ್ಟಿದ್ದಾರೆ. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಮನೆಯ ಹಿರಿಯರು, ಒಂದು ಕಾಲದ ದೊಡ್ಡ ಅರಳೆ ವ್ಯಾಪಾರಿ, ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ರೊಟ್ಟಿಗಿಂತ ಮೊದಲು ಅವರಿಗೆ ಇನ್ಸುಲಿನ್ ಚುಚ್ಚಬೇಕು. ಅದು ತಪ್ಪಿದರೆ ಅಜ್ಜ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಊರಿಗೆಲ್ಲ ಬಂದೇನವಾಜರು ಸೂಜಿಸಾಬ. ಹುಡುಗರು ಇವರನ್ನು ಕಂಡರೆ ಓಡುತ್ತಾರೆ, ದೊಡ್ಡವರು ತಮ್ಮ ಸರದಿ ಬರುವವರೆಗೆ ನಗುತ್ತಾರೆ. ತಂದೆ ಹತ್ತಿ ಹಿಂಜುತ್ತಿದ್ದವರು. ಇವರು ಒಂದು ಖಾಸಗಿ ದವಾಖಾನೆಯಲ್ಲಿ ಬಾಟಲಿ ತೊಳೆಯುತ್ತ ಕೆಲಸ ಕಲಿತರು. ಮುಂಬೈಯಿಂದ ರೈಲಿನಲ್ಲಿ ಬರುವ ಔಷಧ ಕೆಡದಂತೆ ಹಸಿ ಉಸುಕಿನ ಗಡಿಗೆಯಲ್ಲಿಡುತ್ತಾರೆ. ಏಳು ಮನೆ, ದಿನಕ್ಕೆ ಎರಡು ಸಲ, ನಡೆದೇ.

ಏಳೂ ಕಡೆ ಮುದುಕರೇ. ಸಕ್ಕರೆ ರೋಗಕ್ಕೆ ಔಷಧ ಬಂದಿದೆ, ಅದರ ಬೆನ್ನಿಗೆ ಬರುವ ದಿಗಿಲಿಗೆ ಯಾವ ದವಾಖಾನೆಯಲ್ಲೂ ಬಾಟಲಿಯಿಲ್ಲ. ಇದೇ ರೋಗದಿಂದ ತಂಗಿಯ ಕಾಲು ಕೊಯ್ದು ತೆಗೆದ ಮೇಲೆ ಇನ್ನೊಂದು ಮನೆಯ ಗೋದಾಬಾಯಿ ದಿನಾ ಚಿಮಣಿ ದೀಪ ಹಿಡಿದು ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಾರೆ, ಬಂದೇನವಾಜರಿಗೂ ತೋರಿಸುತ್ತಾರೆ. ಏನೂ ಆಗಿಲ್ಲವೆಂದು ಇವರು ಹೇಳಿದರೆ ಮರುದಿನದವರೆಗೆ ಸಮಾಧಾನ.

ಅರಳೆ ವ್ಯಾಪಾರಿಯ ಸಂಕಟ ಬೇರೆ. ಕಳೆದ ಸಂಕ್ರಮಣಕ್ಕೆ ಮುಂಚೆ ಬಂದೇನವಾಜರೇ, ಅಜ್ಜನಿಗೆ ಸಿಹಿ ತೋರಿಸಬೇಡಿ ಎಂದು ಮನೆಯವರಿಗೆ ತಾಕೀತು ಮಾಡಿದ್ದರು. ಸೊಸೆ ಒಳ್ಳೆಯದಕ್ಕೆಂದೇ, ಮಾವನವರಿಗೆ ಕುಸುರೆಳ್ಳು ತರಬೇಡಿರೆಂದು ಓಣಿಗೆಲ್ಲ ಹೇಳಿಬಂದಳು. ಬರಿಗೈಯಲ್ಲಿ ಹಿರಿಯರ ಕಾಲಿಗೆ ಬೀಳಲು ಹಬ್ಬದ ದಿನ ಯಾರು ಬರುತ್ತಾರೆ? ನಮ್ಮ ಕಡೆ ಕುಸುರೆಳ್ಳು ಕೊಡದೆ ಬಿಡುವುದು ಮಾತು ಬಿಟ್ಟವರಿಗೆ ಮಾತ್ರ. ಅಜ್ಜ ರುಮಾಲು ಸುತ್ತಿಕೊಂಡು ದೀಪ ಹಚ್ಚುವ ಹೊತ್ತಿನವರೆಗೂ ಕಟ್ಟೆಯ ಮೇಲೆ ಕೂತಿದ್ದರು. ಮಂದಿ ಎದುರು ಮನೆಗೆ ಹೋದರು, ಪಕ್ಕದ ಮನೆಗೆ ಹೋದರು. ಮರುದಿನ ಅಜ್ಜ ತೋಳನ್ನು ಕಂಬಳಿಯೊಳಗೆ ಎಳೆದುಕೊಂಡು, "ಊರ ಮಂದಿ ಮಾತು ಬಿಟ್ಟವಗ ಸೂಜಿ ಯಾತಕ್ಕ?" ಎಂದರು.

"ಸಿಹಿ ಕೊಡಬ್ಯಾಡ್ರಿ ಅಂದಿದ್ನಿರಿ. ಮಂದಿ ಬರಬ್ಯಾಡ್ರಿ ಅಂದಿರಲಿಲ್ಲ," ಎನ್ನುತ್ತಾರೆ ಬಂದೇನವಾಜರು. ಅಂದೇ ಮನೆಮನೆಗೂ ಹೋಗಿ ಕೈಮುಗಿದು ಕರೆದರು. ಮಂದಿ ಬಂದರು, ಆರಾಮ ವಿಚಾರಿಸಿದರು. ಕರೆದದ್ದಕ್ಕೆ ಬಂದವರೆಂದು ಅಜ್ಜನಿಗೆ ತಿಳಿದುಹೋಗಿತ್ತು, ಗೋಡೆಯ ಕಡೆ ಹೊರಳಿದರು. ಅಂದಿನಿಂದ ಮನೆಯವರೊಡನೆಯೂ ಮಾತಿಲ್ಲ.

ಬಂದೇನವಾಜರು ಒತ್ತಾಯ ಮಾಡುವುದಿಲ್ಲ. ಈಗಲೂ ಪಿಚಕಾರಿ ಹಿಡಿದು ಹಾಸಿಗೆಯ ಬದಿಗೆ ಕೂತಿದ್ದಾರೆ. "ಬ್ಯಾಡಂದ್ರ ಬ್ಯಾಡ್ರಿ ಅಜ್ಜಾರ. ನಾ ಕುಂತಿರ್ತೇನಿ." ಉಳಿದ ಮನೆಗಳಲ್ಲಿ ಮುದುಕರು ಇವರಿಗಾಗಿ ಹಸಿದು ಕಾಯುತ್ತಿರುತ್ತಾರೆಂದು ಅಜ್ಜನಿಗೂ ಗೊತ್ತು. ಬಹಳ ಹೊತ್ತಿನ ಮೇಲೆ ಕಂಬಳಿಯಿಂದ ತೋಳು ಹೊರಬರುತ್ತದೆ. ಆ ಮುದುಕರ ಸಲುವಾಗಿ ಬರುತ್ತದೆಯೇ ಹೊರತು ತಮ್ಮ ಸಲುವಾಗಿ ಅಲ್ಲ. ಪತ್ರಿಕೆಗೆ ಬರೆಯಲೆಂದು ಇವರ ಜೊತೆ ಬಂದ ನಾನು ಬಾಗಿಲ ಬಳಿ ನಿಂತು ನೋಡುತ್ತೇನೆ.

ಇಸವಿ ಸಾವಿರದ ಒಂಬೈನೂರ ಮೂವತ್ತೆಂಟು ಮುಗಿಯುತ್ತ ಬಂದಿದೆ, ಮತ್ತೆ ಸಂಕ್ರಮಣ ಬರಲಿದೆ. ಈ ಸಲವೂ ಓಣಿಯವರನ್ನು ಕರೆಯುತ್ತೀರಾ ಎಂದು ಹೊರಗೆ ಬಂದ ಮೇಲೆ ಕೇಳುತ್ತೇನೆ. ಬಂದೇನವಾಜರು ಚೀಲವನ್ನು ಹೆಗಲಿಗೇರಿಸುತ್ತಾರೆ.

"ಇಲ್ರಿ, ಈ ಸಲ ನಾ ಬಾಯಿ ಬಿಡಂಗಿಲ್ಲ. ಯಾರೂ ಹೇಳದನ ಒಬ್ಬರರ ಬರಬೇಕ್ರಿ. ನೀವೂ ಪೇಪರಿನ್ಯಾಗ ಅಜ್ಜಾರ ಹೆಸರು ಬರೀಬ್ಯಾಡ್ರಿ. ಓದಿ ಬಂದ್ರ, ಅದೂ ಕರದಂಗ ಆತು."