ಗುಡಾಣಕ್ಕೆ ಹೊದಿಸಿದ ಪೊಂಚೊ

ನನ್ನ ಮದುವೆಯಾದಾಗಿನಿಂದ ಮಾವ ಸಾಯುವವರೆಗೂ ಅತ್ತೆ ತಿಮೋತೆಯಾ ನನ್ನನ್ನು ತನ್ನ ಅಡುಗೆಕೋಣೆಯ ಹೊಸ್ತಿಲು ದಾಟಗೊಡಲಿಲ್ಲ. ಕಾರಣ ನನ್ನ ಸಿಟ್ಟು. ಸಿಟ್ಟಿನವರು ಹತ್ತಿರ ಸುಳಿದರೆ ಗುಡಾಣದೊಳಗಿನ ಚಿಚಾ, ಅಂದರೆ ಮೆಕ್ಕೆಜೋಳದ ಹೆಂಡ, ಹುಳಿಯಾಗಿಬಿಡುತ್ತದೆ ಎಂದು ನಮ್ಮ ಬೆಟ್ಟದ ಮೇಲೆ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ. ಆದರೆ ಊರಿನಲ್ಲಿ ಸಿಟ್ಟು ಬರುವವನು ನಾನೊಬ್ಬನೇ ಎಂಬಂತೆ ನಡೆದುಕೊಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಹಾಗಾಗಿ ಇಷ್ಟು ವರ್ಷ ಅವಳ ಚಿಚಾವನ್ನು ನಾನು ಅಂಗಳದಲ್ಲಿ ನಿಂತು, ಕಿಟಕಿಯಿಂದ ಇಸಿದುಕೊಂಡು ಕುಡಿದವನು.

ಅತ್ತೆ ಹುಟ್ಟಿದ್ದು ಕೆಳಗಿನ ಕಣಿವೆಯಲ್ಲಿ. ಅಲ್ಲಿ ಚಿಚಾ ಮಾಡುವುದು ಒಂದು ಕೆಲಸವೇ ಅಲ್ಲ. ಮೊಳಕೆ ಬರಿಸಿ ಒಣಗಿಸಿದ ಮೆಕ್ಕೆಜೋಳವನ್ನು ಬೀಸಿ, ಕುದಿಸಿ, ಹುಲ್ಲು ಹಾಸಿದ ಬುಟ್ಟಿಯಲ್ಲಿ ಸೋಸಿ, ಗುಡಾಣಕ್ಕೆ ಸುರಿದು, ಹಳೆಯ ಗಸಿ ಬೆರೆಸಿ ಮಲಗಿದರೆ ಸಾಕು, ಬೆಳಿಗ್ಗೆ ಎದ್ದಾಗ ಅದು ತಾನೇ ನೊರೆ ಉಕ್ಕಿಸಿಕೊಂಡು ಕೂತಿರುತ್ತದೆ. ಅಂಥ ಊರಿನಿಂದ ತೊರಿಬಿಯೊನನ್ನು, ಅಂದರೆ ನನ್ನ ಮಾವನನ್ನು, ಮದುವೆಯಾಗಿ ಅವಳು ಬೆಟ್ಟ ಹತ್ತಿ ಬಂದಳು. ಬಂದದ್ದು ಜೂನ್ ತಿಂಗಳಲ್ಲಿ, ನಮ್ಮ ಕಡುಚಳಿಗಾಲದಲ್ಲಿ. ಜೂನ್‌ನಲ್ಲಿ ನಮ್ಮಲ್ಲಿ ನಾಯಿಗೆ ನೀರಿಟ್ಟರೆ ನಾಯಿ ಅದನ್ನು ನೆಕ್ಕುವುದಿಲ್ಲ, ಕಡಿಯುತ್ತದೆ.

ಅವಳ ಮೊದಲ ಗುಡಾಣಕ್ಕೆ ಹುದುಗು ಬರಲೇ ಇಲ್ಲ. ಸಿಹಿನೀರಾಗಿಯೇ ಉಳಿಯಿತು. ನಮ್ಮಲ್ಲಿ ಸಿಹಿನೀರನ್ನು ಮಕ್ಕಳಿಗೆ ಕೊಡುತ್ತಾರೆ. ದುಡಿದು ಬಂದ ಗಂಡಸಿಗೆ ಕೊಟ್ಟರೆ ಅದು ಕೆನ್ನೆಗೆ ಹೊಡೆದ ಹಾಗೆ. ಅವಳ ಅತ್ತೆ ಅಷ್ಟನ್ನೂ ಹಂದಿಗೆ ಸುರಿದಳಂತೆ. ಎರಡನೆಯ ಸಲ ತಿಮೋತೆಯಾ ಗುಡಾಣವನ್ನು ಒಲೆಯ ಪಕ್ಕಕ್ಕೆ ತಂದಳು, ಕೆಳಗೆ ಒಣಹುಲ್ಲು ಹಾಸಿದಳು, ಮನೆಯ ಕಂಬಳಿ ಸುತ್ತಿದಳು. ಅದೂ ಸಾಲದೆ ಒಂದರ ಮೇಲೊಂದು ಉಟ್ಟಿದ್ದ ತನ್ನ ಉಣ್ಣೆ ಲಂಗಗಳನ್ನು ಬಿಚ್ಚಿ ಅದಕ್ಕೇ ತೊಡಿಸಿದಳು. ಮನೆಯಲ್ಲಿ ಓಡಾಡುವ ಗಿನಿಯಿಲಿಗಳೆಲ್ಲ ಬೆಚ್ಚಗಿದೆಯೆಂದು ಗುಡಾಣದ ಬುಡಕ್ಕೆ ಬಂದು ಒತ್ತಿಕೊಂಡು ಮಲಗಿದವು. ಆ ಸಲ ಚಿಚಾ ಎಷ್ಟು ಚೆನ್ನಾಗಿ ಬಂತೆಂದರೆ ಅವಳ ಅತ್ತೆ ಎರಡು ಲೋಟ ಕುಡಿದು ಮೂರನೆಯದಕ್ಕೆ ಲೋಟ ಚಾಚಿದಳು. ಹೊಗಳಲಿಲ್ಲ. ಚಾಚಿದಳು, ಅಷ್ಟೇ.

ಅಂದಿನಿಂದ ಹಿಮ ಬೀಳುವ ತಿಂಗಳುಗಳಲ್ಲಿ ನಮ್ಮೂರಿನಲ್ಲಿ ಕೆಂಪು ಬಾವುಟ ಹಾರುವುದು ಅವಳೊಬ್ಬಳ ಬಾಗಿಲಲ್ಲಿ ಮಾತ್ರ. ಬಾವುಟ ಅಂದರೆ ಉದ್ದ ಕೋಲಿಗೆ ಕಟ್ಟಿದ ಕೆಂಪು ಪ್ಲಾಸ್ಟಿಕ್ ಚೀಲ. ಅದು ಕಂಡರೆ ಚಿಚಾ ಇದೆ ಎಂದರ್ಥ.

ಆ ತಿಂಗಳುಗಳಲ್ಲಿ ಸಂಜೆಯಾದರೆ ಮಾವ ತನ್ನ ಪೊಂಚೊವನ್ನು, ನಡುವಿನ ಸೀಳಿನಲ್ಲಿ ತಲೆ ತೂರಿಸಿ ತೊಡುವ ಉಣ್ಣೆ ಹೊದಿಕೆಯನ್ನು, ತಲೆಯಿಂದ ಕಳಚಿ ಗುಡಾಣದ ಕೊರಳಿಗೆ ಇಳಿಬಿಡಬೇಕು. ಕೋಣೆಯಲ್ಲಿದ್ದ ಕಂಬಳಿಗಳಿಗಿಂತ ಅದೇ ದಪ್ಪ.

"ಈ ಮನೇಲಿ ನಾನು ಗಂಡನೋ, ಇದು ಗಂಡನೋ?" ಎಂದು ಅವನು ದಿನವೂ ಕೇಳುತ್ತಿದ್ದ.

"ಅದು ಮಾತಾಡಿದ್ರೆ ಕೇಳೋಕೆ ಹಿತವಾಗಿರುತ್ತೆ," ಎಂದು ಅತ್ತೆ ದಿನವೂ ಹೇಳುತ್ತಿದ್ದಳು.

ಚಿಚಾ ಹುದುಗುವಾಗ ಗುಡಾಣದೊಳಗೆ ಗುಳುಗುಳು ಎನ್ನುವುದಕ್ಕೆ ಅವಳು ಮಾತಾಡುವುದು ಎನ್ನುತ್ತಿದ್ದಳು.

ಕಳೆದ ವರ್ಷ ಹಿಮದ ನಡುವೆಯೇ ಮಾವ ಸತ್ತ. ಆಲೂಗಡ್ಡೆ ಮೂಟೆ ಇಳಿಸಿ ಕೂತವನು ಏಳಲಿಲ್ಲ. ನಮ್ಮಲ್ಲಿ ಗುಂಡಿ ತೋಡುವವನು ಅಳಿಯ, ಹೆಣಕ್ಕೆ ಹೆಗಲು ಕೊಡುವವನು ಅಳಿಯ, ಐದನೆಯ ದಿನ ಸತ್ತವನ ಬಟ್ಟೆಯನ್ನೆಲ್ಲ ಹೊಳೆಗೆ ಹೊತ್ತು ಒಗೆಯುವವನೂ ಅಳಿಯ. ಮಗಳನ್ನು ಕೊಟ್ಟದ್ದೇ ಇದಕ್ಕಾಗಿ ಎಂಬಂತೆ. ಒಗೆದ ಬಟ್ಟೆಯಲ್ಲಿ ಹರಕಲನ್ನು ಸುಡುತ್ತಾರೆ, ಒಳ್ಳೆಯದನ್ನು ಒಗೆದವನೇ ಇಟ್ಟುಕೊಳ್ಳುತ್ತಾನೆ. ಒಂದು ಚಿಂದಿ ಒಗೆಯದೆ ಉಳಿದರೂ ಸತ್ತವನು ಅದನ್ನು ಹುಡುಕಿಕೊಂಡು ಮನೆಗೆ ಬರುತ್ತಲೇ ಇರುತ್ತಾನೆ. ದಾರಿ ಹಿಡಿಯುವುದಿಲ್ಲ. ಇನ್ನು ಒಗೆಯಲು ಬಂದವರಿಗೆ ಸತ್ತವನ ಮನೆಯಿಂದ ಚಿಚಾ ಬರಬೇಕು. ಆ ದಿನ ಸಿಹಿನೀರು ಬಂದರೆ ಮನೆಯವರು ಊರಿನಲ್ಲಿ ತಲೆಯೆತ್ತುವ ಹಾಗಿಲ್ಲ.

ಮಣ್ಣು ಮಾಡಿ ಬಂದ ದಿನವೇ ಅತ್ತೆ ಗುಡಾಣ ತುಂಬಿಸಿದ್ದಳು. ಆದರೆ ಹೆಣ ಕಾಯಲು ಬಂದವರಿಗೆ ಮನೆಯ ಕಂಬಳಿಗಳೆಲ್ಲ ಹಂಚಿಹೋಗಿದ್ದವು. ದೂರದ ನೆಂಟರು ಇನ್ನೂ ಅವನ್ನು ಹೊದ್ದುಕೊಂಡು ಜಗಲಿಯಲ್ಲೇ ಕೂತಿದ್ದರು, ಎಬ್ಬಿಸುವಂತಿಲ್ಲ. ಗುಡಾಣದ ಮೇಲೆ ಉಳಿದದ್ದು ಮಾವನ ಪೊಂಚೊ ಒಂದೇ.

ಐದನೆಯ ದಿನ ಬೆಳಿಗ್ಗೆ ನಾನು ಬಟ್ಟೆ ಗಂಟು ಕಟ್ಟಿದೆ. ಟೋಪಿ, ಪ್ಯಾಂಟು, ಅಂಗಿಗಳು, ನಡುಪಟ್ಟಿ, ಒಂದು ಹಳೆಯ ಸ್ವೆಟರು. ನನ್ನ ಮಗನಿಗೆ ಜ್ಞಾನಸ್ನಾನದಲ್ಲಿ ದೇವತಂದೆಯಾಗಿ ನಿಂತ, ಅದರಿಂದ ನನ್ನನ್ನು ಕುಂಪಾ ಎಂದು ಕರೆಯುವ ನಿಕಾನೋರ್ ಊರಿನ ನಾಲ್ಕೈದು ಜನರೊಂದಿಗೆ ಒಗೆಯುವುದಕ್ಕೆ ಜೊತೆಯಾಗಿ ಬಂದಿದ್ದ. ಅವನು ಗಂಟನ್ನು ನೋಡಿ ನನ್ನನ್ನು ನೋಡಿದ.

"ಪೊಂಚೊ ಎಲ್ಲಿ, ಕುಂಪಾ?"

ನಾನು ಅಡುಗೆಕೋಣೆಯ ಹೊಸ್ತಿಲಿಗೆ ಹೋದೆ. ಒಳಗೆ ಅತ್ತೆ ಗುಡಾಣಕ್ಕೆ ಕಿವಿಯಿಟ್ಟು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟಳು. ನನ್ನ ಹೆಂಡತಿ ಬಾಸಿಲಿಯಾ ಹಿಂದಿನಿಂದ ಬಂದು, "ಜಗಳ ಆಡೋದಾದ್ರೆ ಮೆಲ್ಲಗೆ ಆಡು," ಎಂದಳು.

ನಾನು ಹುಟ್ಟಿದಾಗಿನಿಂದ ಮೆಲ್ಲಗೆ ಜಗಳವಾಡಿದವನಲ್ಲ. ಹೊಲದ ಈ ತುದಿಯಿಂದ ಆ ತುದಿಗೆ ಆಡಿ ಅಭ್ಯಾಸ. ಆದರೂ ಪಿಸುಗುಟ್ಟಿದೆ.

"ಅತ್ತೆ, ಪೊಂಚೊ ಕೊಡು."

"ಕೊಡಲ್ಲ," ಎಂದು ಅವಳೂ ಪಿಸುಗುಟ್ಟಿದಳು. "ಇವತ್ತು ತಾನೆ ಬಾಯಿ ಬಿಡ್ತಾ ಇದೆ. ಈಗ ತೆಗೆದ್ರೆ ಮೂಕ ಆಗುತ್ತೆ."

"ಬಿಸಿಲಿದ್ದಾಗಲೇ ಒಗೀಬೇಕು."

"ಚಿಚಾ ಬಂದ ಮೇಲೆ ಒಗಿ."

"ಒಗೆದವರಿಗೆ ಅಲ್ವಾ ಚಿಚಾ? ಒಗೆಯೋಕ್ಕೆ ಮುಂಚೆ ಯಾರು ಕುಡೀತಾರೆ?"

"ಮತ್ತೆ ಪೊಂಚೊ ತೆಗೆದ್ರೆ ಏನು ಕುಡೀತಾರೆ? ನಿನ್ನ ತಲೆ?"

ಕಿರುಚಲಾಗದ ಸಿಟ್ಟು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಅಂದು ತಿಳಿಯಿತು. ಕಿವಿಗೆ ಹೋಗುತ್ತದೆ. ಎರಡೂ ಕಿವಿ ಉರಿಯತೊಡಗಿದವು.

"ಒಗೀದಿದ್ರೆ ಅವನು ವಾಪಸ್ಸು ಬರ್ತಾನೆ, ಅತ್ತೆ. ದಾರಿ ಸಿಗದೆ ಅಲೀತಾನೆ."

ಅತ್ತೆ ಪೊಂಚೊದ ಅಂಚನ್ನು ಗುಡಾಣದ ಬುಡಕ್ಕೆ ಎಳೆದು ಸರಿಮಾಡಿದಳು.

"ಬರ್ಲಿ ಬಿಡು," ಎಂದಳು. "ಬಂದ್ರೆ ಸೀದಾ ಇಲ್ಲಿಗೇ ತಾನೆ ಬರೋದು. ಇಲ್ಲೇ ಇರ್ತೀನಿ ನಾನು."

ಬಾಸಿಲಿಯಾ ಗೋಡೆಯ ಕಡೆ ತಿರುಗಿಕೊಂಡಳು. ಅಂಗಳದಿಂದ ನಿಕಾನೋರ್ ಕೂಗಿದ: "ಏನಾಯ್ತು ಕುಂಪಾ, ಸತ್ತೋದ್ಯಾ ನೀನೂ? ಒಂದು ಸದ್ದಿಲ್ವಲ್ಲ!" ಅವನಿಗೆ ಉಗಿಯಲೂ ಆಗದ ಸ್ಥಿತಿ ನನ್ನದು.

ನಾನು ನನ್ನ ಪೊಂಚೊವನ್ನು ತಲೆಯಿಂದ ಕಳಚಿದೆ. ಹೊಸದು. ಬಾಸಿಲಿಯಾ ಎರಡು ಮಳೆಗಾಲ ಕೂತು ನೇಯ್ದದ್ದು. ಹೊರಗೆ ಅಂಗಳದ ಕೆಸರೆಲ್ಲ ಇನ್ನೂ ಕಲ್ಲಾಗಿತ್ತು.

"ಇದನ್ನ ಹೊದಿಸು. ಅದನ್ನ ಕೊಡು. ಮಾವ ಹೋಗ್ಲಿ, ಅತ್ತೆ. ಚಳೀಲಿ ಎಷ್ಟು ದಿನ ಅಲೀಬೇಕು ಅವನು?"

ಅವಳ ಕಿವಿ ಮತ್ತೆ ಗುಡಾಣಕ್ಕೆ ಹೋಯಿತು. ಅದರ ಒಪ್ಪಿಗೆ ಕೇಳುತ್ತಿದ್ದಳೋ ಏನೋ. ಕೊನೆಗೆ ಎದ್ದು ಬಂದು ನನ್ನ ಪೊಂಚೊ ಇಸಿದುಕೊಂಡು ಮೂಸಿದಳು.

"ಸಿಟ್ಟಿನ ವಾಸನೆ."

"ಬೆವರದು ಅದು!"

"ಮೆಲ್ಲಗೆ."

ಅದನ್ನು ಒಳಹೊರಗು ತಿರುವಿ, ಒಲೆಯ ಹೊಗೆಗೆ ಹಿಡಿದು, ಬೆಚ್ಚಗಾಗುವವರೆಗೂ ಕೊಡವಿದಳು. ಆಮೇಲೆ ನನ್ನ ಕಡೆ ನೋಡದೆಯೇ, "ಒಳಗೆ ಬಾ," ಎಂದಳು.

ಬಾಸಿಲಿಯಾ ನನ್ನ ತೋಳು ಹಿಡಿದಳು, ಬಿಟ್ಟಳು. ನಾನು ಹೊಸ್ತಿಲು ದಾಟಿದೆ.

"ಹಳೇದನ್ನ ಎಳೀತಿದ್ದ ಹಾಗೇ ಹೊಸದನ್ನ ಇಳಿಸ್ತೀನಿ. ನಡುವೆ ಗಾಳಿ ನುಗ್ಗಬಾರದು. ನೀನು ಗುಡಾಣ ತಬ್ಕೋ."

"ತಬ್ಕೊಳ್ಳೋದಾ?"

"ಹೆಂಡತೀನ ತಬ್ಕೊಂಡಿಲ್ವಾ ಎಂದೂ? ಮೊಮ್ಮಕ್ಕಳು ಹೇಗೆ ಬಂದ್ವು ಹಾಗಾದ್ರೆ?"

ಮಂಡಿಯೂರಿ ಎರಡೂ ತೋಳಿನಿಂದ ಗುಡಾಣವನ್ನು ಬಳಸಿದೆ. ಗಿನಿಯಿಲಿಗಳು ಕಾಲಸಂದಿಯಿಂದ ಚದುರಿದವು. ಅತ್ತೆ ಹಳೆಯದನ್ನು ಒಂದು ಬೆರಳಷ್ಟು ಮೇಲೆತ್ತುವುದು, ಹೊಸದನ್ನು ಒಂದು ಬೆರಳಷ್ಟು ಕೆಳಗಿಳಿಸುವುದು, ಹೀಗೆ ಮಲಗಿದ ಕೂಸಿಗೆ ಬಟ್ಟೆ ಬದಲಿಸುವ ಹಾಗೆ ನನ್ನ ತೋಳುಗಳ ನಡುವೆಯೇ ಬದಲಿಸುತ್ತ ಬಂದಳು. ನನ್ನ ಕೆನ್ನೆ ಗುಡಾಣದ ಮಣ್ಣಿಗೆ ಒತ್ತಿಕೊಂಡಿತ್ತು. ಬೆಚ್ಚಗಿತ್ತು, ಜ್ವರ ಬಿಟ್ಟ ಮಗುವಿನ ಹಣೆಯಷ್ಟು. ಒಳಗೆ ಯಾರೋ ನಾಲ್ಕು ಜನ ಗೋಡೆಯಾಚೆ ಕೂತು ನನ್ನ ಬಗ್ಗೆಯೇ ಮೆಲ್ಲಗೆ ಮಾತಾಡಿಕೊಳ್ಳುತ್ತಿರುವ ಹಾಗೆ ಕೇಳಿಸಿತು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ.

"ಉಸಿರು ಬಿಡ್ಬೇಡ," ಎಂದಳು ಅತ್ತೆ.

"ಸಾಯ್ತೀನಿ."

"ಸಾಯಿ. ನಿನ್ನ ಬಟ್ಟೇನೂ ಒಂದೇ ಸಲಕ್ಕೆ ಒಗೀಬಹುದು."

ಮಾವನ ಪೊಂಚೊ ಕೊನೆಗೂ ಕಳಚಿತು. ಅವಳು ಅದನ್ನು ಮಡಿಸಿ ನನ್ನ ಕೈಗಿಟ್ಟಳು. ಮಡಿಸುವಾಗ ತಲೆ ತೂರಿಸುವ ಸೀಳಿನ ಹತ್ತಿರ ಒಮ್ಮೆ ಮುಖವಿಟ್ಟಳು. ಮೂಸಿದ್ದು ಚಿಚಾ ಇರಬಹುದು, ಮಾವನೂ ಇರಬಹುದು.

ಹೊಳೆಯಲ್ಲಿ ಅಂಚಿನ ಮಂಜುಗಡ್ಡೆ ಒಡೆದು ನೀರಿಗಿಳಿದೆವು. ಪೊಂಚೊ ಇಲ್ಲದೆ ಬರಿಯ ಅಂಗಿಯಲ್ಲಿ ನಿಂತು ನಾನು ಮಾವನ ಪೊಂಚೊ ಒಗೆದೆ. ಅಷ್ಟು ವರ್ಷಗಳ ನೊರೆ, ಹೊಗೆ, ಗಸಿ ಎಲ್ಲ ಅದರಲ್ಲಿತ್ತು. ನೀರು ಕೆಳಗೆ ಹರಿದಷ್ಟು ದೂರವೂ ಮಣ್ಣುಬಣ್ಣ. ಈಗ ನಾನು ಎಷ್ಟು ಬೇಕಾದರೂ ಕೂಗಬಹುದಾಗಿತ್ತು. ಕೂಗಿದೆ ಕೂಡ, ನಿಕಾನೋರ್‌ಗೆ, ಹೊಳೆಗೆ, ಚಳಿಗೆ. ಮೊದಲಿನಷ್ಟು ಸಮಾಧಾನವಾಗಲಿಲ್ಲ. ಹರಕು ಸ್ವೆಟರು, ನಡುಪಟ್ಟಿ ಸುಟ್ಟೆವು. ಉಳಿದದ್ದನ್ನು ಹುಲ್ಲಿನ ಮೇಲೆ ಹರಡಿ ಕೂತೆವು, ಚಿಚಾಕ್ಕೆ ಕಾಯುತ್ತ.

ಬಿಸಿಲು ಎದುರಿನ ಬೆಟ್ಟ ಹತ್ತಿತು. ಯಾರೂ ಬರಲಿಲ್ಲ. ಒಗೆಯಲು ಬಂದವರು ಕೋಕಾ ಎಲೆ ಅಗಿಯುತ್ತ ಮುಖ ಮುಖ ನೋಡಿಕೊಂಡರು. ಸಿಹಿನೀರಾಗಿರಬೇಕು, ಅದಕ್ಕೇ ಮುದುಕಿ ಮುಖ ತೋರಿಸುತ್ತಿಲ್ಲ ಎಂದು ಒಬ್ಬನ ಮುಖದ ಮೇಲೆ ಬರೆದಿತ್ತು. ನಾನು ಅವನನ್ನೇ ನೋಡಿದೆ. ಅವನು ಬೇರೆ ಕಡೆ ನೋಡಿದ. ಆದರೆ ನನಗೂ ಅದೇ ಅನುಮಾನ. ಬದಲಿಸುವಾಗ ನಾನು ಉಸಿರು ಬಿಟ್ಟಿದ್ದೆ.

ಕೊನೆಗೆ ದಾರಿಯ ತಿರುವಿನಲ್ಲಿ ಅತ್ತೆ ಕಂಡಳು, ಬೆನ್ನಿಗೆ ದೊಡ್ಡ ಹೂಜಿ ಕಟ್ಟಿಕೊಂಡು. ಯಾರಿಗೂ ಕೊಡದೆ ತಾನೇ ಹೊತ್ತು ತಂದಿದ್ದಳು. ಮೊದಲ ಲೋಟ ನಿಕಾನೋರ್‌ಗೆ ಹೋಯಿತು. ಅವನು ಭೂಮಿತಾಯಿಗೆ ನಾಲ್ಕು ಹನಿ ಚೆಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಇಳಿಸಿದ. ಮುಖದಲ್ಲಿ ಏನೂ ಕಾಣಲಿಲ್ಲ. ಆ ಮುಖವೇ ಅಂಥದ್ದು, ಇಟ್ಟಿಗೆಯಂಥದ್ದು. ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ತಿರುಗಿಸಿದ.

"ಹುದುಗಿದೆ, ಮಮಾಯ್," ಎಂದು ಅತ್ತೆಗೆ ಹೇಳಿದ. "ಚೆನ್ನಾಗಿ ಹುದುಗಿದೆ. ಆದ್ರೆ ಈ ಸಲ ಯಾಕೋ ಬೈದ ಹಾಗೆ ಕುಟುಕುತ್ತೆ."

"ಅಳಿಯನ ಪೊಂಚೊ," ಎಂದಳು ಅತ್ತೆ. "ಹೊಗೆ ಹಾಕ್ದೆ. ಸಿಟ್ಟು ಪೂರ್ತಿ ಹೋಗ್ಲಿಲ್ಲ."

ಹೊಳೆದಂಡೆಯಲ್ಲಿ ಎಲ್ಲರೂ ನಕ್ಕರು. ಸತ್ತವನ ಬಟ್ಟೆ ಒಗೆಯುವ ದಿನ ನಗುವುದು ತಪ್ಪಲ್ಲ, ಅವನಿಗೂ ದಾರಿ ಹಗುರವಾಗುತ್ತದೆ. ನನಗೆ ಸಿಟ್ಟು ಬಂತು. ಲೋಟ ಚಾಚಿದೆ. ಹೂಜಿ ಖಾಲಿಯಾಗುವಷ್ಟರಲ್ಲಿ ಒದ್ದೆ ಪೊಂಚೊ ಹಿಮಕ್ಕೆ ಸೆಟೆದು ಹಲಗೆಯಾಗಿತ್ತು. ಬಾಗಿಲು ಹೊತ್ತ ಬಡಗಿಯ ಹಾಗೆ ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದೆ. ಅತ್ತೆ ಮುಂದೆ ನಡೆದಳು. ಹಿಂದೆ ತಿರುಗಿ ಅದನ್ನು ನೋಡಲಿಲ್ಲ.

ಒಗೆದವನಿಗೆ ಸೇರಬೇಕೆಂಬ ಪದ್ಧತಿಯ ಪ್ರಕಾರ ಮಾವನ ಪೊಂಚೊ ನನ್ನದಾಯಿತು. ಮಾವ ಗಿಡ್ಡ. ನನಗದು ಹೊಟ್ಟೆಯವರೆಗೆ ಬಂದು ನಿಲ್ಲುತ್ತದೆ. ನನ್ನ ಹೊಸ ಪೊಂಚೊ ಗುಡಾಣದ ಮೇಲೆಯೇ ಇದೆ. ಕೇಳಿದರೆ, "ಅದಕ್ಕೆ ರೂಢಿಯಾಗಿಬಿಟ್ಟಿದೆ," ಎನ್ನುತ್ತಾಳೆ. ಹೊಸ್ತಿಲು ದಾಟುವುದು ಮತ್ತೆ ನಿಂತುಹೋಯಿತು, ಅಂದು ಬೇರೆ ದಾರಿ ಇರಲಿಲ್ಲವಂತೆ.

ಈಗಲೂ ನಾನು ಅಂಗಳದಲ್ಲಿ ನಿಂತೇ ಕುಡಿಯುವುದು. ಕಿಟಕಿ ತಗ್ಗು. ಒಳಗೆ ಕೂತವಳಿಗೆ ಮೊದಲು ಕಾಣುವುದು ಮಾವನ ಪೊಂಚೊ, ಆಮೇಲೆ ಅವಳು ಬಗ್ಗಿ ನೋಡಿದರೆ ನನ್ನ ಮುಖ. ಮೊದಲ ಲೋಟ ಕೇಳುವ ಮುಂಚೆಯೇ ಬರುತ್ತದೆ, ಅಂಚಿನವರೆಗೆ ತುಂಬಿ. ಬೈಗುಳ ಶುರುವಾಗುವುದು ಅವಳು ಬಗ್ಗಿ ನೋಡಿದ ಮೇಲೆ. ಒಮ್ಮೊಮ್ಮೆ ಅವಳು ಬಗ್ಗಲು ಬಹಳ ತಡಮಾಡುತ್ತಾಳೆ. ಆಗ ನಾನು ಬಾಯಿ ಬಿಡದೆ ನಿಂತಿರುತ್ತೇನೆ.